ಒಂದು ಕಿತ್ತಳೆ ಮರಕ್ಕೊಂದು ಕೋಟೆ

ಬೀಗದ ಕೈ ಕೊಡುವ ಮೊದಲು ಮನೆ ನೋಡಿಕೊಳ್ಳುವ ಹೆಂಗಸು ಹೇಳಿದ್ದು ಗಾಳಿಯ ವಿಚಾರ. ಇವತ್ತು ಬೀಸುತ್ತಿರುವುದು ಮಾಯೆಸ್ತ್ರಾಲೆ, ವಾಯವ್ಯದ್ದು. ಆದ್ದರಿಂದ ಈ ಬಾಗಿಲು ಹಾಕಿರಲಿ, ಆಚೆ ಬದಿಯದು ತೆಗೆದಿರಲಿ. ನಾಡಿದ್ದು ಸಿರೊಕ್ಕೊ ಬರುವ ಹಾಗಿದೆ. ಅದು ಆಗ್ನೇಯದ್ದು, ಆಫ್ರಿಕದ ಬಿಸಿ ಹೊತ್ತು ತರುತ್ತದೆ. ಆಗ ಇದನ್ನು ತೆಗೆದು ಅದನ್ನು ಹಾಕಿ. ಸಮುದ್ರಕ್ಕೆ ಇಳಿಯುವುದಿದ್ದರೂ ಅಷ್ಟೆ, ಗಾಳಿ ಯಾವ ಕಡೆಯಿಂದ ಬರುತ್ತಿದೆಯೋ ಅದರ ಎದುರು ಮಗ್ಗುಲಿಗೆ ಹೋಗಿ. ಇಷ್ಟೆಲ್ಲ ಆದ ಮೇಲೆ, ಮರೆತದ್ದು ನೆನಪಾದವರ ಹಾಗೆ, ಈಜುಕೊಳವನ್ನೂ ಫ್ರಿಜ್ಜನ್ನೂ ವೈಫೈ ಪಾಸ್‌ವರ್ಡನ್ನೂ ತೋರಿಸಿದರು.

ಆಕೆಯ ಇಟಾಲಿಯನ್ ಮಾತನ್ನು ಮಗಳು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅಳಿಯನ ಕಣ್ಣು ಮಾತ್ರ ಈಜುಕೊಳದ ಮೇಲೇ ಇತ್ತು. ಬಾಡಿಗೆ ತೆತ್ತವನು ಅವನು, ಇರಲಿ. ವಾರಕ್ಕೆ ಎಷ್ಟಾಯಿತಪ್ಪಾ ಎಂದು ವಿಮಾನದಲ್ಲೇ ಕೇಳಿದ್ದೆ. "ಅತ್ತೆ, ಆ ಲೆಕ್ಕ ವಾಪಸ್ ಮಿಲಾನಿಗೆ ಹೋದ ಮೇಲೆ ಹೇಳ್ತೀನಿ, ಇಲ್ಲದಿದ್ರೆ ನೀವು ಇಲ್ಲಿ ನಿದ್ದೆ ಮಾಡಲ್ಲ" ಎಂದಿದ್ದ. ಆಗಸ್ಟ್ ಕೊನೆ ಇಟಲಿಯವರೆಲ್ಲ ರಜೆ ಹಾಕುವ ಕಾಲ, ಎಲ್ಲದಕ್ಕೂ ಎರಡರಷ್ಟು ಬೆಲೆ ಎಂಬುದಷ್ಟು ನನಗೂ ಗೊತ್ತಿತ್ತು.

ಪಂತೆಲ್ಲೆರಿಯಾ ಎಂಬ ಈ ದ್ವೀಪ ನಕಾಶೆಯಲ್ಲಿ ಒಂದು ಚುಕ್ಕೆ. ವಿಸ್ತೀರ್ಣ 83 ಚದರ ಕಿಲೋಮೀಟರ್. ಆಡಳಿತ ಇಟಲಿಯದು, ಸಿಸಿಲಿಯ ತ್ರಾಪಾನಿ ಪ್ರಾಂತಕ್ಕೆ ಸೇರಿದ್ದು. ಆದರೆ ಸಿಸಿಲಿ ಇಲ್ಲಿಂದ ನೂರು ಕಿಲೋಮೀಟರ್ ದೂರ, ಟ್ಯುನೀಷಿಯಾ ಎಪ್ಪತ್ತೇ. ಗಾಳಿ ತಿಳಿಯಾದ ರಾತ್ರಿ ಆಫ್ರಿಕದ ದಡದ ದೀಪ ಕಾಣುತ್ತದೆ. ಒಂಬತ್ತನೆಯ ಶತಮಾನದಲ್ಲಿ ಬಂದ ಅರಬರು ಮುನ್ನೂರು ವರ್ಷಕ್ಕೆ ಹತ್ತಿರ ಇಲ್ಲಿದ್ದು ಹೋದರು. ಹೋಗುವಾಗ ಊರ ಹೆಸರುಗಳನ್ನು ಬಿಟ್ಟುಹೋದರು: ಖಮ್ಮಾ, ಗಾದಿರ್, ಬುಕ್ಕುರಾಂ, ರೆಖಾಲೆ, ಬುಜೆಬೆರ್. ಯುರೋಪಿನ ರಸ್ತೆಫಲಕದಲ್ಲಿ ಈ ಹೆಸರು ಓದುವಾಗ ನಾವು ಬೇರೆಲ್ಲೋ ಇಳಿದೆವೇನೋ ಅನ್ನಿಸುತ್ತದೆ.

ಪಲೆರ್ಮೊದಿಂದ ರೆಕ್ಕೆಯಲ್ಲಿ ಫ್ಯಾನು ತಿರುಗುವ ಪುಟ್ಟ ವಿಮಾನದಲ್ಲಿ ಒಂದು ಗಂಟೆಯೊಳಗೆ ಬಂದಿದ್ದೆವು. ಮೇಲಿನಿಂದ ನೋಡಿದಾಗ ಮೊದಲು ಗಮನಕ್ಕೆ ಬಂದದ್ದು, ದ್ವೀಪಕ್ಕೆ ಮರಳಿನ ಅಂಚೇ ಇಲ್ಲ ಎಂಬುದು. ಸುತ್ತ ಕಪ್ಪು ಕಲ್ಲು, ಅದರಾಚೆ ನೇರ ನೀಲಿ. ಇಡೀ ದ್ವೀಪವೇ ಸಮುದ್ರದೊಳಗಿಂದ ತಲೆಯೆತ್ತಿದ ಜ್ವಾಲಾಮುಖಿ. ಇಲ್ಲಿನ ಒಂದು ಬಗೆಯ ಕಲ್ಲಿಗೆ ಭೂವಿಜ್ಞಾನಿಗಳು ದ್ವೀಪದ ಹೆಸರನ್ನೇ ಇಟ್ಟು ಪಂತೆಲ್ಲೆರೈಟ್ ಎನ್ನುತ್ತಾರೆ. ಕೊನೆಯ ಸಲ ಬೆಂಕಿ ಕಂಡಿದ್ದು 1891ರಲ್ಲಿ, ಅದೂ ದಡದಾಚೆ ನೀರಿನಡಿಯಲ್ಲಿ.

ನಿಲ್ದಾಣದಲ್ಲಿ ಬಾಡಿಗೆಗೆ ಸಿಕ್ಕಿದ್ದು ಎರಡೂ ಬದಿ ಗೀರು ಬಿದ್ದ ಹಳೇ ಫಿಯೆಟ್ ಪಾಂಡಾ. ಇಷ್ಟು ದುಡ್ಡು ಕೊಟ್ಟೂ ಇಂಥ ಗಾಡಿಯೇ ಎಂದು ಮೂಗು ಮುರಿದೆ. ಅರ್ಧ ಗಂಟೆಯಲ್ಲಿ ಉತ್ತರ ಸಿಕ್ಕಿತು. ಇಲ್ಲಿನ ದಾರಿಗಳ ಎರಡೂ ಬದಿಗೆ ಎದೆಯೆತ್ತರದ ಕಲ್ಲುಗೋಡೆ. ಎದುರಿನಿಂದ ಇನ್ನೊಂದು ಪಾಂಡಾ ಬಂದರೆ ಯಾರೋ ಒಬ್ಬರು ಹಿಂದಕ್ಕೆ ಹೋಗಬೇಕು, ಹೋಗುವಾಗ ಕಲ್ಲಿಗೊಂದು ಗೀರು ಕೊಟ್ಟು ಹೋಗಬೇಕು. ಅಳಿಯನೂ ಸಂಜೆಯೊಳಗೆ ತನ್ನ ಪಾಲಿನದು ಕೊಟ್ಟ.

ಇನ್ನು ಮನೆ. ಜಾಹೀರಾತಿನಲ್ಲಿ ಲಕ್ಷುರಿ ವಿಲ್ಲಾ ಎಂದಿತ್ತು. ಇಲ್ಲಿಯವರ ಬಾಯಲ್ಲಿ ಅದು ದಮ್ಮೂಸೊ. ಇದೂ ಅರಬಿಯಿಂದ ಬಂದ ಮಾತೇ, ಕಮಾನು ಚಾವಣಿಯ ಕಟ್ಟಡ ಎಂದು ಅರ್ಥ. ಹೊರಗಿನಿಂದ ನೋಡಿದರೆ ಕಪ್ಪು ಕಲ್ಲಿನ ಒಂದು ಡಬ್ಬ, ಮೇಲೆ ಇಡ್ಲಿಗಳನ್ನು ಬೋರಲು ಹಾಕಿದ ಹಾಗೆ ಸುಣ್ಣ ಬಳಿದ ಉಬ್ಬುಗಳು. ಕಿಟಕಿ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು. ಒಳಗೆ ಕಾಲಿಟ್ಟ ಕೂಡಲೇ ಹೊರಗಿನ ಬಿಸಿಲನ್ನು ಯಾರೋ ಕತ್ತರಿಸಿ ತೆಗೆದ ಹಾಗೆ ಆಯಿತು. ಎ.ಸಿ. ಇರಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ನಿಂತು ಅಳಿಯ ಗೋಡೆಯ ದಪ್ಪಕ್ಕೆ ಕೈ ಚಾಚಿ ಅಳೆದ. ಬೆರಳ ತುದಿಯಿಂದ ಭುಜದವರೆಗೆ ಚಾಚಿದರೂ ಗೋಡೆ ಇನ್ನೂ ಉಳಿದಿತ್ತು. ಒಳಗೊಂದು ಹೊರಗೊಂದು ಎಂದು ಎರಡು ಸಾಲು ಲಾವಾ ಕಲ್ಲು ಇಟ್ಟು ನಡುವೆ ಚೂರುಕಲ್ಲು ತುಂಬಿ ಕಟ್ಟಿದ್ದು.

ನಡುಮನೆಯಿಂದ ಕಮಾನು ದಾಟಿದರೆ ಮಂಚ ಹಿಡಿಸುವಷ್ಟೇ ಗೂಡು, ಅದೇ ಮಲಗುವ ಜಾಗ. ಇನ್ನೊಂದು ಕಮಾನಿನಾಚೆ ಹಿಂದೆ ಹೇಸರಗತ್ತೆ ಕಟ್ಟುತ್ತಿದ್ದ ಕೋಣೆ, ಈಗ ಅಲ್ಲಿ ಅಮೃತಶಿಲೆಯ ಬಚ್ಚಲು. ಗೋಡೆಯಲ್ಲಿ ಗೂಟದ ತೂತು ಹಾಗೇ ಉಳಿಸಿದ್ದಾರೆ, ಟವೆಲ್ ಹಾಕಲು. ಅಡುಗೆಮನೆಯ ಒಲೆ ಹೊಸದು, ಅದರ ಮೇಲಿನ ಮಸಿ ಹಿಡಿದ ಹೊಗೆಗಂಡಿ ಹಳೆಯದು. ನೆಲಕ್ಕೆ ಕೈಯಲ್ಲಿ ಬಣ್ಣ ಬರೆದ ಸಿಸಿಲಿಯ ಬಿಲ್ಲೆಗಳು. ಹಾಸಿಗೆಯ ಹೊದಿಕೆ, ದಿಂಬು, ಪರದೆ ಎಲ್ಲವೂ ಬಿಳಿ. ಬಿಳಿ ಬಟ್ಟೆ ಬಿಟ್ಟು ಬೇರೆ ಯಾವುದನ್ನೂ ಐಷಾರಾಮಿ ಎಂದು ಒಪ್ಪದ ಒಂದು ಪಂಗಡ ಈಗ ಲೋಕದಲ್ಲೆಲ್ಲ ಹಬ್ಬಿದೆ.

ಹೊರಗೆ ಗೋಡೆಗೆ ಅಂಟಿಕೊಂಡು ಕಲ್ಲಿನ ಉದ್ದ ಕಟ್ಟೆ. ದುಕ್ಕೇನಾ ಎನ್ನುತ್ತಾರಂತೆ. ನಮ್ಮ ಜಗಲಿಕಟ್ಟೆಯೇ. ನಾನು ವಾರದ ಬಹುಪಾಲು ಕಳೆದದ್ದು ಅದರ ಮೇಲೆ. ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲಗಳು, ಕೊನೆಯ ಮೆಟ್ಟಿಲಿನ ಕೆಳಗೆ ಸಮುದ್ರ.

ಚಾವಣಿಯ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಈ ಮನೆಯ ಬುದ್ಧಿಯೆಲ್ಲ ಇರುವುದು ಅಲ್ಲಿ. ಪಂತೆಲ್ಲೆರಿಯಾದಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ದಡದ ಬಾವಿಗಳಲ್ಲಿ ಸಿಗುವುದು ಉಪ್ಪುಪ್ಪು ನೀರು. ಆಕಾಶದಿಂದ ಬಿದ್ದದ್ದನ್ನು ಹಿಡಿದಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಕಲ್ಲಿನ ಕಮಾನು ಕಟ್ಟಿ, ಅದರ ಮೇಲೆ ಜ್ವಾಲಾಮುಖಿಯ ಮಣ್ಣಿಗೆ ಸುಣ್ಣ ಕಲಸಿ ಹಾಕಿ, ಮರದ ಕೊಡತಿಯಲ್ಲಿ ಬಡಿದು ಬಡಿದು ಗಚ್ಚು ಮಾಡುತ್ತಿದ್ದರು. ಉಬ್ಬಿನ ಮೇಲೆ ಬಿದ್ದ ಹನಿ ಜಾರಿ ಅಂಚಿನ ಕಾಲುವೆಗೆ, ಕಾಲುವೆಯಿಂದ ಕೊಳವೆಗೆ, ಕೊಳವೆಯಿಂದ ಮನೆಯಡಿಯ ತೊಟ್ಟಿಗೆ. ನಾನು ಮಲೆನಾಡಿನ ಸಾಗರದ ಕಡೆಯವಳು. ಬಿದ್ದ ಮಳೆಯನ್ನು ಎಷ್ಟು ಬೇಗ ಮನೆಯಿಂದ ಆಚೆ ದೂಡುತ್ತೇವೆ ಎಂಬುದೇ ನಮ್ಮ ಮಾಡುಗಳ ಜಾಣ್ಮೆ. ಮನೆಯ ತಲೆಯನ್ನೇ ಬೊಗಸೆ ಮಾಡಿ ನಿಲ್ಲಿಸಿದ್ದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಅದೇ ಮನೆಯ ಮುಂದೆ ಈಗ ಈಜುಕೊಳ. ಅಂಚೇ ಕಾಣದೆ ಸಮುದ್ರದಲ್ಲಿ ಬೆರೆತ ಹಾಗೆ ತೋರುವ ನಮೂನೆಯದು. ಎರಡನೆಯ ದಿನ ಬೆಳಿಗ್ಗೆ ಟ್ಯಾಂಕರೊಂದು ಏದುಸಿರು ಬಿಡುತ್ತ ಗೋಡೆಗಳ ನಡುವೆ ಹತ್ತಿ ಬಂದು ನೀರು ಬಿಟ್ಟು ಹೋಯಿತು. ಸಮುದ್ರದ ನೀರನ್ನೇ ಉಪ್ಪು ಕಳೆದು, ಗುಡ್ಡ ಹತ್ತಿಸಿ, ಸಮುದ್ರ ನೋಡುತ್ತ ಈಜುವವರಿಗೆ ಕೊಡುವುದು. ತೊಟ್ಟಿಯ ಮಳೆನೀರು ಏನಾಗುತ್ತದೆ ಎಂದು ಕೇಳಿಸಿದೆ. ಗಿಡಕ್ಕೆ, ಬಟ್ಟೆ ಒಗೆಯಲು, ಮತ್ತೆ ನನ್ನ ಕಾಫಿಗೆ ಎಂದರು ಆಕೆ. ಕೊಳಾಯಿ ನೀರಿನಲ್ಲಿ ಅವರಿಗೆ ಕಾಫಿ ಸೇರುವುದಿಲ್ಲವಂತೆ.

ಇಂಥ ರೈತರ ಮನೆಗಳು ಸಿರಿವಂತರ ಕಣ್ಣಿಗೆ ಬಿದ್ದದ್ದು ಹೇಗೆ ಎಂಬುದಕ್ಕೆ ಒಂದು ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. 2025ರಲ್ಲಿ ತೀರಿಕೊಂಡ ವಸ್ತ್ರವಿನ್ಯಾಸಕಾರ ಜಾರ್ಜಿಯೊ ಅರ್ಮಾನಿ 1980ರ ದಶಕದ ಆರಂಭದಲ್ಲಿ ಗಾದಿರ್ ಎಂಬ ಮೀನುಗಾರರ ಕೊಲ್ಲಿಯ ಮೇಲೆ ಹಳೇ ದಮ್ಮೂಸೊಗಳನ್ನು ಕೊಂಡು ಬೇಸಿಗೆಮನೆ ಮಾಡಿಕೊಂಡರು. ಫ್ರೆಂಚ್ ನಟಿ ಕರೋಲ್ ಬೂಕೆ ಇಲ್ಲಿ ದ್ರಾಕ್ಷಿತೋಟ ಮಾಡಿದರು. 2015ರಲ್ಲಿ ಲೂಕಾ ಗ್ವಾದನ್ಯೀನೊ ನಿರ್ದೇಶನದ 'ಎ ಬಿಗ್ಗರ್ ಸ್ಪ್ಲಾಶ್' ಸಿನಿಮಾ ಇಲ್ಲಿನ ಒಂದು ದಮ್ಮೂಸೊ ಮತ್ತು ಅದರ ಈಜುಕೊಳದ ಸುತ್ತಲೇ ನಡೆಯಿತು. ಆಮೇಲೆ ಕೇಳಬೇಕೆ? ಬೀಳು ಬಿದ್ದ ಕಲ್ಲಿನ ಕೊಟ್ಟಿಗೆಗಳೂ ಏಳತೊಡಗಿದವು. ಒಂದು ಒಳ್ಳೆಯದೂ ಆಗಿದೆ, ಸುಳ್ಳು ಹೇಳಬಾರದು. ಗಾರೆಯಿಲ್ಲದೆ ಕಲ್ಲು ಕೂರಿಸಬಲ್ಲ ಕೈಗಳಿಗೆ ಕೆಲಸ ಸಿಕ್ಕಿದೆ.

ಆ ಗೋಡೆಗಳೇ ಇಲ್ಲಿ ನೋಡಬೇಕಾದ ಮೊದಲ ಸಂಗತಿ. ಜನ ಹೊಲ ಮಾಡಲು ಕಲ್ಲು ಆರಿಸಿದರು, ಆರಿಸಿದ ಕಲ್ಲನ್ನು ಎಲ್ಲಿ ಹಾಕುವುದೆಂದು ಗೋಡೆ ಕಟ್ಟಿದರು. ಗೋಡೆ ಮಣ್ಣನ್ನು ಹಿಡಿಯಿತು, ಗಾಳಿಯನ್ನು ತಡೆಯಿತು. ಗುಡ್ಡದ ತಲೆಯಿಂದ ಕಡಲವರೆಗೆ ಇದೇ ಸಾಲು. ಹೀಗೆ ಒಣಕಲ್ಲು ಪೇರಿಸಿ ಕಟ್ಟುವ ವಿದ್ಯೆಯನ್ನು ಯುನೆಸ್ಕೊ 2018ರಲ್ಲಿ ಇಟಲಿ, ಗ್ರೀಸ್, ಸ್ಪೇನ್ ಮುಂತಾದ ಎಂಟು ದೇಶಗಳ ಹೆಸರಿನಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲು 2014ರಲ್ಲಿ ಪಂತೆಲ್ಲೆರಿಯಾದ ದ್ರಾಕ್ಷಿ ಬೇಸಾಯವೇ ಆ ಪಟ್ಟಿ ಸೇರಿತ್ತು. ಒಂದು ಬೇಸಾಯ ಪದ್ಧತಿಗೆ ಅಂಥ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ದ್ರಾಕ್ಷಿತೋಟ ಎಂದರೆ ನಮ್ಮ ಕಣ್ಣಿಗೆ ಬರುವುದು ಚಪ್ಪರ. ಇಲ್ಲಿ ತೋಟದ ನಡುವೆ ನಿಂತು ತೋಟ ಎಲ್ಲಿ ಎಂದು ಹುಡುಕಬೇಕು. ಪ್ರತಿ ಬಳ್ಳಿಗೂ ಗೇಣುದ್ದ ಆಳದ ಪಾತಿ, ಪಾತಿಯೊಳಗೆ ಮೊಣಕಾಲೆತ್ತರಕ್ಕೂ ಬಾರದ ಗಿಡ. ಕೊಂಬೆಗಳು ನೆಲಕ್ಕೆ ಸಮನಾಗಿ ನಾಲ್ಕು ದಿಕ್ಕಿಗೆ ಕೈ ಚಾಚಿವೆ. ಗಾಳಿ ಮೇಲಿಂದ ಹಾದು ಹೋಗುತ್ತದೆ, ರಾತ್ರಿಯ ಇಬ್ಬನಿ ಪಾತಿಗೆ ಇಳಿಯುತ್ತದೆ. ನೀರಾವರಿ ಇಲ್ಲ, ಯಂತ್ರ ಈ ಮೆಟ್ಟಿಲುಗಳನ್ನು ಹತ್ತುವುದಿಲ್ಲ. ಸವರುವುದು, ಅಗೆಯುವುದು, ಕೊಯ್ಯುವುದು ಎಲ್ಲವೂ ಸೊಂಟ ಬಗ್ಗಿಸಿಯೇ. ಬೆಳೆಯುವ ತಳಿ ಜಿಬಿಬ್ಬೊ. ಇದೂ ಅರಬಿಯ ಜಬೀಬ್‌ನಿಂದ ಬಂದದ್ದು, ಒಣದ್ರಾಕ್ಷಿ ಎಂದರ್ಥ.

ನಮ್ಮ ಮನೆಯ ಕೆಳಗಿನ ಮೆಟ್ಟಿಲಿನಲ್ಲೇ ಕೊಯ್ಲು ನಡೆದಿತ್ತು. ಕೊಯ್ದ ಗೊಂಚಲುಗಳನ್ನು ದಕ್ಷಿಣಕ್ಕೆ ಮುಖ ಮಾಡಿದ ಕಲ್ಲಿನ ಕಣದಲ್ಲಿ ಹರಡಿದ್ದರು. ಬೆನ್ನಿಗೆ ಕರಿಗೋಡೆ, ಹಗಲೆಲ್ಲ ಬಿಸಿಲು ಕುಡಿದು ಸಂಜೆಗೂ ಬಿಸಿ ಬಿಡುವಂಥದ್ದು. ಸಂಜೆ ಇಬ್ಬನಿ ತಾಗದಂತೆ ಮುಚ್ಚುತ್ತಾರೆ, ಬೆಳಿಗ್ಗೆ ತೆಗೆದು ಗೊಂಚಲುಗಳನ್ನು ಮಗುಚುತ್ತಾರೆ. ವಿಜಯಪುರದ ಕಡೆ ಶೆಡ್ಡಿನ ನೆರಳಲ್ಲಿ ಒಣಗಿಸುವುದನ್ನು ನೋಡಿದ್ದ ನನಗೆ ಇದು ಬೇರೆಯೇ ರೀತಿ. ಒಣಗಿದ ಹಣ್ಣನ್ನು ತೊಟ್ಟಿನಿಂದ ಕೈಯಲ್ಲೇ ಬಿಡಿಸಿ, ಹುದುಗುತ್ತಿರುವ ತಾಜಾ ಹಣ್ಣಿನ ರಸಕ್ಕೆ ಹಾಕಿದರೆ ಪಸ್ಸೀತೊ ಎಂಬ ಹೊಂಬಣ್ಣದ ಸಿಹಿ ವೈನ್. ನನಗೆ ಅಭ್ಯಾಸವಿಲ್ಲ. ಮಗಳ ಒತ್ತಾಯಕ್ಕೆ ಒಂದು ಚಮಚ ನಾಲಿಗೆಗೆ ಹಚ್ಚಿಕೊಂಡೆ. ಒಣ ಏಪ್ರಿಕಾಟು, ಜೇನು, ಆಮೇಲೆ ಎಲ್ಲೋ ಹಿಂದಿನಿಂದ ಉಪ್ಪು. ಇನ್ನೊಂದು ಚಮಚವನ್ನು ಒತ್ತಾಯವಿಲ್ಲದೆ ತೆಗೆದುಕೊಂಡೆ.

ನನಗೆ ಹೆಚ್ಚು ಹತ್ತಿರವಾದದ್ದು ಕ್ಯಾಪರ್. ಗೋಡೆಯ ಸಂದಿಯಲ್ಲಿ, ಬಂಡೆಯ ಬಿರುಕಿನಲ್ಲಿ ನೀರಿಲ್ಲದೆ ಹಬ್ಬುವ ಪೊದೆ. ಇದರ ಹೂ ಚಂದ, ಆದರೆ ಹೂ ಬಿಟ್ಟಿತೆಂದರೆ ರೈತನಿಗೆ ನಷ್ಟ. ಬೇಕಾದದ್ದು ಅರಳದ ಮೊಗ್ಗು. ಮೇ ಕೊನೆಯಿಂದ ಆಗಸ್ಟ್‌ವರೆಗೆ ಬಿಸಿಲೇರುವ ಮೊದಲೇ ಬಗ್ಗಿ ಒಂದೊಂದೇ ಮೊಗ್ಗು ಚಿವುಟಬೇಕು, ಅದೇ ಗಿಡಕ್ಕೆ ಎಂಟು ಹತ್ತು ದಿನಕ್ಕೊಮ್ಮೆ ಮರಳಬೇಕು. ಮೊಗ್ಗು ಸಣ್ಣದಾದಷ್ಟೂ ಬೆಲೆ ಹೆಚ್ಚು. ಆಕೆ ತಮ್ಮ ಮನೆಯ ಹಿತ್ತಲಿನಲ್ಲಿ ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದರು: ಹರಳುಪ್ಪಿನಲ್ಲಿ ಹುದುಗಿದ ಮೊಗ್ಗುಗಳು, ತಳದಲ್ಲಿ ಒಸರಿದ ನೀರು. ಅದನ್ನು ಬಸಿದು, ಹೊಸ ಉಪ್ಪು ಹಾಕಿ, ದಿನವೂ ಕೈಯಾಡಿಸಬೇಕಂತೆ. ನಾವು ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುವುದು ಹೀಗೇ, ಮಿಡಿ ಸುಕ್ಕುಗಟ್ಟುವವರೆಗೆ ಕುಲುಕುತ್ತಿರಬೇಕು ಎಂದು ಮಗಳ ಕೈಲಿ ಹೇಳಿಸಿದೆ. ಆಕೆ ಮಗಳ ಅನುವಾದಕ್ಕೆ ಕಾಯದೆ ನನ್ನ ಕೈ ಹಿಡಿದು ಡ್ರಮ್ಮಿನೊಳಗೆ ಇಟ್ಟರು. ಕೈಯಾಡಿಸು ಎಂದು. ಪಂತೆಲ್ಲೆರಿಯಾದ ಕ್ಯಾಪರಿಗೆ 1996ರಿಂದ ಯುರೋಪಿನ ಭೌಗೋಳಿಕ ಗುರುತಿನ ರಕ್ಷಣೆ ಇದೆ. ನಮ್ಮ ಅಪ್ಪೆಮಿಡಿಗೂ ಜಿ.ಐ. ಇದೆ ಎಂದು ಹೇಳಿಸುವಷ್ಟರಲ್ಲಿ ಅವರು ಇನ್ನೊಂದು ಡ್ರಮ್ಮು ತೆಗೆಯುತ್ತಿದ್ದರು.

ಸಸ್ಯಾಹಾರಿಗೆ ಈ ದ್ವೀಪ ಕಷ್ಟ ಕೊಡುವುದಿಲ್ಲ. ಬೇಯಿಸಿದ ಆಲೂಗಡ್ಡೆ, ಟೊಮೆಟೊ, ಕೆಂಪು ಈರುಳ್ಳಿ, ಆಲಿವ್, ಓರೆಗಾನೊ, ಮೇಲೊಂದು ಹಿಡಿ ಕ್ಯಾಪರ್. ಇದು ಇಲ್ಲಿನ ಸಲಾಡು, ಮಧ್ಯಾಹ್ನಕ್ಕೆ ಅದೇ ಸಾಕು. ಬದನೆ ದಪ್ಪಮೆಣಸಿನ ಶಾಕಿಶೂಕಾ ಟ್ಯುನೀಷಿಯಾದಿಂದ ಈಜಿ ಬಂದಿರಬೇಕು. ಕಹಿ ರವಿಯೋಲಿ ಎಂಬ ಹೆಸರು ಕೇಳಿ ಹಿಂಜರಿದೆ. ಒಳಗಿದ್ದದ್ದು ರಿಕೊಟ್ಟಾ ಗಿಣ್ಣು, ಪುದೀನ. ಕಹಿ ಹೆಸರಿಗೆ ಮಾತ್ರ. ಊಟದ ಕೊನೆಗೆ 'ಪಂತೆಲ್ಲೆರಿಯಾದ ಮುತ್ತು' ಬಂತು. ನೋಡಿ ನಗು ತಡೆಯಲಾಗಲಿಲ್ಲ. ಕಬ್ಬಿಣದ ಅಚ್ಚನ್ನು ಹಿಟ್ಟಿಗೆ ಅದ್ದಿ ಕಾದ ಎಣ್ಣೆಗೆ ಬಿಟ್ಟು ನಾವು ಮಾಡುವ ಗುಲಾಬಿ ಹೂವೇ ಅದು. ಎರಡು ಹೂಗಳ ನಡುವೆ ಸಿಹಿ ರಿಕೊಟ್ಟಾ ಇಟ್ಟು ಮೇಲೆ ಸಕ್ಕರೆ ಪುಡಿ ಉದುರಿಸಿದ್ದರು.

ಪಟ್ಟಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1943ರ ಜೂನ್ 11ರಂದು ದ್ವೀಪ ಮಿತ್ರಪಕ್ಷಗಳಿಗೆ ಶರಣಾಗುವ ಮೊದಲು ವಾರಗಟ್ಟಲೆ ಬಾಂಬು ಬಿದ್ದು ಹಳೇ ಬಂದರು ನೆಲಸಮವಾಯಿತು. ಆಮೇಲೆ ಅವಸರದಲ್ಲಿ ಕಟ್ಟಿದ ಸಿಮೆಂಟಿನ ಪೆಟ್ಟಿಗೆಗಳೇ ಇವತ್ತಿನ ಪಟ್ಟಣ. ಉಳಿದದ್ದು ಲಾವಾ ಕಲ್ಲಿನ ಕರಿ ಕೋಟೆ. 2003ರಲ್ಲಿ ಪಟ್ಟಣದ ಮೇಲಿನ ಗುಡ್ಡದಲ್ಲಿ ಅಗೆದಾಗ ಜೂಲಿಯಸ್ ಸೀಸರ್, ಚಕ್ರವರ್ತಿ ಟೈಟಸ್ ಮತ್ತು ಕಿರಿಯ ಆಂಟೋನಿಯಾಳ ಅಮೃತಶಿಲೆಯ ತಲೆಗಳು ಸಿಕ್ಕವು. ದ್ವೀಪದ ಮುರ್ಸಿಯಾ ಎಂಬಲ್ಲಿ ಅದಕ್ಕೂ ಹಳೆಯದಿದೆ: ಕಂಚಿನ ಯುಗದವರು ಕಲ್ಲು ಪೇರಿಸಿ ಕಟ್ಟಿದ ಸೇಸಿ ಎಂಬ ಗೋರಿಗುಡ್ಡೆಗಳು. ತೆವಳಿ ಒಳಹೋಗುವಷ್ಟೇ ಬಾಗಿಲು. ಗಾರೆಯಿಲ್ಲದ ಅದೇ ಗೋಡೆ, ಮೂರೂವರೆ ಸಾವಿರ ವರ್ಷ ಹಿಂದಿನದು.

ಸಮುದ್ರಕ್ಕೆ ಇಳಿಯುವುದು ಇಲ್ಲಿ ಸುಲಭವಲ್ಲ. ಮರಳಿಲ್ಲ ಎಂದೆನಲ್ಲ, ಬಂಡೆಯಿಂದ ಇಳಿಯಬೇಕು. ಕೆಲವು ಕಡೆ ಕಬ್ಬಿಣದ ಏಣಿ ಬಿಗಿದಿದ್ದಾರೆ. ಮಾಯೆಸ್ತ್ರಾಲೆ ಬೀಸುವ ದಿನ ದಕ್ಷಿಣದ ಬಲಾತಾ ದೇಯಿ ತುರ್ಕಿಗೆ ಹೋದೆವು, ಹಿಂದೆ ಕಡಲುಗಳ್ಳರು ಇಳಿಯುತ್ತಿದ್ದ ಜಾಗವಂತೆ. ಅಲ್ಲಿನ ಬಂಡೆಯಲ್ಲಿ ಅಬ್ಸಿಡಿಯನ್ನಿನ ಪಟ್ಟಿ ಗಾಜಿನ ಹಾಗೆ ಕಪ್ಪಗೆ ಹೊಳೆಯುತ್ತದೆ. ಅಳಿಯ ಮಗಳು ಮೀನಿನ ಹಾಗೆ ನೀರಿಗೆ ಹಾರಿದರು. ನಾನು ಬಂಡೆಯ ಮೇಲೆ ಕೊಡೆ ಹಿಡಿದು ಕೂತೆ, ಕೊಡೆ ಐದು ನಿಮಿಷಕ್ಕೆ ಮಗುಚಿತು. ಗಾದಿರ್‌ನಲ್ಲಿ ನನಗೂ ಜಾಗವಿತ್ತು. ಪುಟ್ಟ ಬಂದರಿನ ಕಟ್ಟೆಯಲ್ಲೇ ಕಲ್ಲು ತೋಡಿದ ಗುಂಡಿಗಳಿವೆ, ನೆಲದೊಳಗಿಂದ ಬಿಸಿನೀರು ಬರುತ್ತದೆ. ಎಣ್ಣೆಸ್ನಾನದ ಹದ. ಸೀರೆ ಮೊಣಕಾಲಿಗೆ ಎತ್ತಿ ಕಾಲು ಇಳಿಬಿಟ್ಟು ಒಂದು ಗಂಟೆ ಕೂತಿದ್ದೆ. ಪಕ್ಕದಲ್ಲಿ ಮೀನುಗಾರರ ಕುಟುಂಬ, ಆಚೆ ಗುಂಡಿಯಲ್ಲಿ ದುಬಾರಿ ಗಡಿಯಾರದ ಗಂಡಸರು. ಇದಕ್ಕೆ ಟಿಕೆಟ್ ಇಲ್ಲ. ಇಡೀ ವಾರದಲ್ಲಿ ನನ್ನ ಮೈಗೆ ಸಿಕ್ಕ ದೊಡ್ಡ ಸುಖ ಬಿಟ್ಟಿಯದು.

ವೀನಸ್ ಕನ್ನಡಿ ಎಂಬ ಸರೋವರವೂ ಹಾಗೆಯೇ, ಜ್ವಾಲಾಮುಖಿಯ ಬಾಯಲ್ಲಿ ನಿಂತ ನವಿಲುಬಣ್ಣದ ನೀರು. ಅಂಚಿನ ಬಿಳಿ ಕೆಸರನ್ನು ಜನ ಮೈಗೆಲ್ಲ ಬಳಿದುಕೊಂಡು ಗಾಳಿಗೆ ಒಣಗಲು ನಿಲ್ಲುತ್ತಾರೆ. ಮುಲ್ತಾನಿ ಮಿಟ್ಟಿ ಹಚ್ಚಿದ ದೆವ್ವಗಳ ಸಭೆಯಂತಿತ್ತು.

ನಾಲ್ಕನೆಯ ದಿನ ಸಿರೊಕ್ಕೊ ಬಂತು. ಆಕಾಶ ಹಳದಿ, ಬಾಯಲ್ಲಿ ಧೂಳು. ದೋಣಿಯಲ್ಲಿ ದ್ವೀಪ ಸುತ್ತಿ, ಸೊಂಡಿಲು ಇಳಿಬಿಟ್ಟು ನೀರು ಕುಡಿಯುವ ಆನೆಯಂತಿರುವ ಬಂಡೆಯ ಕಮಾನು ನೋಡುವ ಕಾರ್ಯಕ್ರಮ ರದ್ದಾಯಿತು. ಬಿಳಿ ಪರದೆಗಳು ಹುಚ್ಚು ಹಿಡಿದವರ ಹಾಗೆ ಆಡಿದವು. ಈಜುಕೊಳದ ಮೇಲೆ ಕೆಂಪು ಹುಡಿ ಕೂತಿತು. ನಾವು ಬಾಗಿಲು ಬದಲಿಸಿ ಒಳಗೆ ಕೂತೆವು. ಒಳಗೆ ಗಾಳಿಯ ಸದ್ದೂ ಇರಲಿಲ್ಲ. ಇಂಥ ಜೋರು ಗಾಳಿಯ ದಿನವೇ, 2022ರ ಆಗಸ್ಟ್‌ನಲ್ಲಿ, ಗಾದಿರ್ ಖಮ್ಮಾ ಕಡೆ ಪೊದೆಕಾಡಿಗೆ ಬೆಂಕಿ ಬಿದ್ದು ವಿಲ್ಲಾಗಳಲ್ಲಿದ್ದವರನ್ನು ದೋಣಿಯಲ್ಲಿ ಸಾಗಿಸಬೇಕಾಯಿತಂತೆ. ಅವತ್ತು ಸಿನಿಮಾದವರೂ ವಸ್ತ್ರದವರೂ ಉಟ್ಟ ಬಟ್ಟೆಯಲ್ಲೇ ಓಡಿದರು ಎಂದರು ಆಕೆ. ದನಿಯಲ್ಲಿ ಕುಹಕವಿರಲಿಲ್ಲ.

ಗಾಳಿ ಇಳಿದ ಮರುದಿನ ಗುಡ್ಡ ಹತ್ತಿದೆವು. 836 ಮೀಟರಿನ ಮೊಂತಾನ್ಯಾ ಗ್ರಾಂದೆಯ ಸುತ್ತಲಿನ ಕಾಡು ಸೇರಿ ದ್ವೀಪದ ಹೆಚ್ಚಿನ ಭಾಗ 2016ರಿಂದ ರಾಷ್ಟ್ರೀಯ ಉದ್ಯಾನ, ಸಿಸಿಲಿ ಪ್ರದೇಶಕ್ಕೆ ಅದೇ ಮೊದಲನೆಯದು. ಕಾಡಿನ ಅಂಚಿನಲ್ಲಿ ಫಾವಾರಾ ಎಂಬ ಜಾಗ. ಕಲ್ಲಿನ ಬಿರುಕುಗಳಿಂದ ಬಿಸಿ ಹಬೆ ಬುಸುಗುಡುತ್ತದೆ. ಹಿಂದೆ ಕುರುಬರು ಈ ಗಂಡಿಗಳ ಮೇಲೆ ಪೊದೆ ಹರಡುತ್ತಿದ್ದರಂತೆ. ಹಬೆ ಎಲೆಗೆ ತಾಗಿ ಹನಿಯಾಗಿ ತೊಟ್ಟಿಕ್ಕಿ ಕುಳಿಯಲ್ಲಿ ನಿಂತರೆ ಕುರಿಗಳಿಗೆ ಕುಡಿಯಲು ನೀರು. ಜ್ವಾಲಾಮುಖಿಯ ಉಸಿರನ್ನು ಹಿಂಡಿ ನೀರು ತೆಗೆದ ಜನ. ನನ್ನ ಚೀಲದಲ್ಲಿ ಪ್ಲಾಸ್ಟಿಕ್ ಬಾಟಲಿಯಿತ್ತು, ಅಲ್ಲಿ ನಿಂತು ಅದನ್ನು ತೆಗೆಯಲು ಯಾಕೋ ನಾಚಿಕೆಯಾಯಿತು.

ಇಳಿಯುವಾಗ ಖಮ್ಮಾದಲ್ಲಿ ನಿಂತೆವು. ಈ ದ್ವೀಪಕ್ಕೆ ಹೋಗುವವರು ವಿಲ್ಲಾ ಬಿಡಲಿ, ಸಮುದ್ರ ಬಿಡಲಿ, ಇದನ್ನು ಬಿಡಬಾರದು. ದ್ರಾಕ್ಷಿ ಮೆಟ್ಟಿಲುಗಳ ನಡುವೆ ಒಂದು ದುಂಡು ಬುರುಜು. ನಾಲ್ಕು ಮೀಟರ್ ಎತ್ತರ, ಗೋಡೆಯ ಹೊರಸುತ್ತಿನ ಅಡ್ಡಳತೆ ಹನ್ನೊಂದು ಮೀಟರ್. ಮೇಲೆ ಚಾವಣಿಯಿಲ್ಲ. ಬಗ್ಗಿ ಹೋಗುವ ಒಂದೇ ಬಾಗಿಲು. ಕಾವಲು ಗೋಪುರ ಇರಬಹುದು ಎಂದುಕೊಂಡು ಬಗ್ಗಿದೆ, ತಲೆಯೆತ್ತಿದರೆ ಒಳಗೆ ಒಂದು ಕಿತ್ತಳೆ ಮರ. ಒಂದೇ ಮರ. ಎಷ್ಟೋ ತಲೆಮಾರು ಕಂಡದ್ದು, ಬುಡದಿಂದ ಹಲವು ಕಾಂಡಗಳಾಗಿ ಕವಲೊಡೆದು ಗೋಡೆಯ ಎತ್ತರದವರೆಗೆ ತುಂಬಿಕೊಂಡಿದೆ. ಗೋಡೆಯ ತಲೆ ಮೀರಿ ಒಂದು ಎಲೆಯೂ ಹೋಗಿಲ್ಲ. ಹೋದರೆ ಗಾಳಿ ಕತ್ತರಿಸುತ್ತದೆ.

ಇದನ್ನು ಪಂತೆಲ್ಲೆರಿಯಾದ ತೋಟ ಎನ್ನುತ್ತಾರೆ. ತೋಟ ಎಂದರೆ ಇಲ್ಲಿ ಒಂದು ಮರ. ಈ ಖಮ್ಮಾದ ತೋಟವನ್ನು ದೊನ್ನಾಫುಗಾತಾ ವೈನ್ ಮನೆತನದವರು ಜೀರ್ಣೋದ್ಧಾರ ಮಾಡಿ 2008ರಲ್ಲಿ ಇಟಲಿಯ ಪರಂಪರೆ ಸಂರಕ್ಷಣಾ ಸಂಸ್ಥೆ ಎಫ್.ಎ.ಐ.ಗೆ ಕೊಟ್ಟರು. ಮರಕ್ಕೆ ಯಾರೂ ನೀರು ಹಾಕುವುದಿಲ್ಲ. ದಪ್ಪ ಗೋಡೆಯ ಸರಂಧ್ರ ಕಲ್ಲು ರಾತ್ರಿಯ ತೇವವನ್ನು ಹಿಡಿಯುತ್ತದೆ, ಗಾಳಿ ಒಳಗಿನ ಪಸೆಯನ್ನು ಹೊತ್ತೊಯ್ಯದಂತೆ ಗೋಡೆ ನೋಡಿಕೊಳ್ಳುತ್ತದೆ, ಮರದ ನೆರಳೇ ಮಣ್ಣನ್ನು ಕಾಯುತ್ತದೆ. ಹೊರಗೆ ಬಿಸಿಲು ಕುದಿಯುತ್ತಿತ್ತು, ಒಳಗೆ ಬಾವಿಯ ತಂಪು. ಎಲೆಯ ವಾಸನೆ ಕೂಡ ಆ ಸುತ್ತಿನೊಳಗೇ ನಿಂತಿತ್ತು.

ನಾನು ಲೆಕ್ಕ ಹಾಕಲು ಶುರುಮಾಡಿದೆ. ಇಷ್ಟು ಕಲ್ಲು ಹೊರಲು ಎಷ್ಟು ದಿನ, ಎಷ್ಟು ಆಳು? ಅಷ್ಟು ಕೆಲಸಕ್ಕೆ ವರ್ಷಕ್ಕೆ ಸಿಗುವುದು ಎಷ್ಟು ಬುಟ್ಟಿ ಹಣ್ಣು? ಯಾವ ಲೆಕ್ಕದಲ್ಲೂ ಇದು ಗಿಟ್ಟುವುದಿಲ್ಲ. ದ್ರಾಕ್ಷಿ ಮಾರಲು ಬೆಳೆದರು, ಕ್ಯಾಪರ್ ಮಾರಲು ಬೆಳೆದರು. ಈ ಕಿತ್ತಳೆ ಮಾತ್ರ ಮನೆಯ ಬಾಣಂತಿಗೆ, ಜ್ವರ ಬಂದ ಮಗುವಿಗೆ, ಹಬ್ಬಕ್ಕೆ. ಬರಿಗಾಲಲ್ಲಿ ಲಾವಾ ಕಲ್ಲಿನ ಮೇಲೆ ನಡೆದ ರೈತ ತನಗೆಂದು ಮಾಡಿಕೊಂಡ ಒಂದೇ ಐಷಾರಾಮ ಇದಿರಬೇಕು. ನಮ್ಮ ಈಜುಕೊಳ ನೆನಪಾಯಿತು. ಅಳಿಯನಿಗೂ ನೆನಪಾಗಿರಬೇಕು. "ಅತ್ತೆ, ಇದನ್ನ ಬಾಡಿಗೆಗೆ ಕೊಡ್ತಾರಾ ಕೇಳೋಣ್ವಾ?" ಎಂದ.

ಕೊನೆಯ ರಾತ್ರಿ ದುಕ್ಕೇನಾದ ಮೇಲೆ ಕೂತಿದ್ದೆವು. ಆಫ್ರಿಕದ ಕಡೆ ದೀಪಗಳ ಸಾಲು ಕಂಡಿತು. ಆ ದಡದಿಂದ ಸಣ್ಣ ದೋಣಿಗಳಲ್ಲಿ ಜನ ಈ ದ್ವೀಪಕ್ಕೆ ಬರುತ್ತಾರೆ. ಹಿಂದಿನ ದಿನ ಬಂದರಿನಲ್ಲಿ ಹತ್ತಾರು ಹುಡುಗರು ಬೆಳ್ಳಿಬಣ್ಣದ ಹಾಳೆ ಹೊದ್ದು ಸಾಲಾಗಿ ಕೂತದ್ದನ್ನು ನೋಡಿದ್ದೆವು. ನಾವು ವಿಮಾನದಲ್ಲಿ ಬಂದದ್ದು, ಅವರು ಹಾಗೆ ಬಂದದ್ದು, ಇಳಿದ ಕಲ್ಲು ಮಾತ್ರ ಒಂದೇ. ಆ ಬಗ್ಗೆ ಮೂವರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ನಾಲ್ಕು ದಪ್ಪ ಹನಿ ಬಿದ್ದವು. ಮಗಳು ಬಿಳಿ ದಿಂಬುಗಳನ್ನು ಎತ್ತಿಕೊಂಡು ಒಳಗೆ ಓಡಿದಳು. ಮಳೆ ಅಷ್ಟಕ್ಕೇ ನಿಂತಿತು.

ಬೆಳಿಗ್ಗೆ ತಲೆಯ ಮೇಲೆ ಏನೋ ಗೀಚುವ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಆಕೆ ಚಾವಣಿಯ ಉಬ್ಬಿನ ಮೇಲೆ ನಿಂತು ಪೊರಕೆಯಿಂದ ಗುಡಿಸುತ್ತಿದ್ದಾರೆ. ಸಿರೊಕ್ಕೊ ತಂದ ಕೆಂಪು ಧೂಳು, ಹಕ್ಕಿಯ ಹಿಕ್ಕೆ, ಒಣ ಎಲೆ. ಈಜುಕೊಳವನ್ನು ಅವರು ಇನ್ನೂ ಮುಟ್ಟಿರಲಿಲ್ಲ. ಮಗಳು ಎದ್ದಿರಲಿಲ್ಲವಾದ್ದರಿಂದ ನಮ್ಮಿಬ್ಬರ ನಡುವೆ ಭಾಷೆಯಿರಲಿಲ್ಲ. ಆಕೆ ಆಕಾಶ ತೋರಿಸಿದರು, ಕಾಲುವೆ ತೋರಿಸಿದರು, ಮನೆಯಡಿಯ ತೊಟ್ಟಿ ತೋರಿಸಿದರು. ಮುಂಗಾರಿಗೆ ಮುಂಚೆ ಮಾಡಿಗೆ ಏಣಿ ಹಾಕಿ ದರಗು ತೆಗೆಸಿದವಳಿಗೆ ಇಷ್ಟು ಸಾಕಿತ್ತು. ಸೆರಗು ಸಿಕ್ಕಿಸಿಕೊಂಡು ಕಲ್ಲಿನ ಮೆಟ್ಟಿಲು ಹತ್ತಿದೆ. ಅವರು ಏನೂ ಹೇಳದೆ, ಅಂಚಿನ ಕಾಲುವೆ ಬಳಿಯಲು ಒಂದು ಮೋಟು ಪೊರಕೆಯನ್ನು ನನ್ನ ಕಡೆ ಚಾಚಿದರು.